ಡಬಲ್ ಬೇಸ್‌ಗೆ ಪ್ರೀಆಂಪ್: ವೇದಿಕೆಯಲ್ಲಿ ದನಿ ಕೈಕೊಟ್ಟಾಗ ದೋಷ ಹುಡುಕುವ ಕ್ರಮ

ಮುಂಬೈ, ಪುಣೆ, ಗೋವಾಗಳಲ್ಲಿ ಡಬಲ್ ಬೇಸ್ ನುಡಿಸುವ ಅಥವಾ ಅದಕ್ಕೆ ಸೌಂಡ್ ಕೂರಿಸುವ ಕನ್ನಡದವರಿಗಾಗಿ ಈ ಕೈಪಿಡಿ. ಆಳೆತ್ತರದ ಈ ವಾದ್ಯ ಮನೆಯ ಕೋಣೆಯಲ್ಲಿ ಮೈತುಂಬಿ ಮೊಳಗುತ್ತದೆ, ಡ್ರಮ್ಸ್ ಪಕ್ಕಕ್ಕೆ ಬಂದ ಕೂಡಲೇ ಕೇಳಿಸದಾಗುತ್ತದೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಾಧನ) ಹಾಕಿ ನೇರ ಮಿಕ್ಸರ್‌ಗೆ ಚುಚ್ಚಿದರೆ ತಗಡಿನ ಡಬ್ಬಿ ಬಡಿದ ಹಾಗಿರುತ್ತದೆ. ನಡುವೆ ಪ್ರೀಆಂಪ್, ಅಂದರೆ ಆ ಸಿಗ್ನಲ್ಲನ್ನು ಹದಗೊಳಿಸಿ ಬಲಪಡಿಸುವ ಪೆಟ್ಟಿಗೆ, ಸೇರಿಸಿದರೆ ಒಂದೋ ಗುಂಯ್‌ಗುಡುತ್ತದೆ, ಇಲ್ಲವೇ ಊಳಿಡುತ್ತದೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ದನಿಯ ಮಂದ್ರ-ತಾರಗಳನ್ನು ಏರಿಳಿಸುವ ಇಕ್ಯೂ ಗುಂಡಿಗಳಿಗೆ. ಅಲ್ಲಿಗೆ ಕಟ್ಟಕಡೆಗೆ ಹೋಗಬೇಕು. ಕುದುರೆಯಲ್ಲಿ, ಅಂದರೆ ತಂತಿಗಳನ್ನು ಹೊತ್ತ ಬ್ರಿಡ್ಜ್‌ನಲ್ಲಿ, ಹುಟ್ಟಿದ ದೋಷವನ್ನು ಇಕ್ಯೂ ಸ್ವಲ್ಪ ಹೊತ್ತು ಮುಚ್ಚಿಡುತ್ತದೆ, ಅಷ್ಟೆ. ಹಾಲ್ ಬದಲಾದರೆ ಅದೇ ದೋಷ ಮತ್ತೆ ಎದುರಿಗಿರುತ್ತದೆ.

ಸಿಗ್ನಲ್ ಸಾಗುವ ದಾರಿ ಹೀಗಿದೆ: ತಂತಿ, ಕುದುರೆ, ಪಿಕಪ್, ಕೇಬಲ್, ಪ್ರೀಆಂಪ್. ಅಲ್ಲಿಂದ ಒಂದು ಕವಲು ಆಂಪ್‌ಗೆ, ಇನ್ನೊಂದು ಡಿಐ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ. ದೋಷವನ್ನೂ ಇದೇ ಕ್ರಮದಲ್ಲಿ ಹುಡುಕಿ. ಒಮ್ಮೆಗೆ ಒಂದನ್ನೇ ಬದಲಿಸಿ. ಎರಡು ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ, ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಮೊದಲಿನಿಂದ ಶುರು.

ತೊಂದರೆ ಪ್ರೀಆಂಪಿನ ಯಾವ ಬದಿಗಿದೆ?

ಇದಕ್ಕೆ ಬೇಕಾದ ಉಪಕರಣವನ್ನು ನೀವೇ ಮಾಡಿಕೊಳ್ಳಬಹುದು. ಕಾಲಿಂಚಿನ ಮೊನೊ ಜ್ಯಾಕ್ ಒಂದನ್ನು ತೆಗೆದುಕೊಳ್ಳಿ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿ, ಎಲ್ಲಾದರೂ ಸಿಗುತ್ತದೆ. ಮುಚ್ಚಳ ತಿರುಗಿಸಿ ತೆಗೆದು, ತುದಿಯ ಟ್ಯಾಗಿಗೂ ಮೈಯ ಟ್ಯಾಗಿಗೂ ನಡುವೆ ಒಂದು ತುಂಡು ತಂತಿ ಬೆಸುಗೆ ಹಾಕಿ. ಮುಚ್ಚಳಕ್ಕೆ ಕೆಂಪು ಟೇಪ್ ಸುತ್ತಿ, ಬೇರೆ ಜ್ಯಾಕ್‌ಗಳ ಜೊತೆ ಬೆರೆಯಬಾರದು.

ಸದ್ದು ಬರುತ್ತಿರುವಾಗ ವಾಲ್ಯೂಮ್ ತಗ್ಗಿಸಿ, ಪಿಕಪ್ ಕೇಬಲ್ ತೆಗೆದು ಪ್ರೀಆಂಪಿನ ಇನ್‌ಪುಟ್‌ಗೆ ಈ ಶಾರ್ಟ್ ಜ್ಯಾಕ್ ಚುಚ್ಚಿ, ವಾಲ್ಯೂಮ್ ಏರಿಸಿ. ಸದ್ದು ನಿಂತರೆ ದೋಷ ಪಿಕಪ್ ಅಥವಾ ಕೇಬಲ್ ಕಡೆ. ಹಾಗೇ ಇದ್ದರೆ ಪ್ರೀಆಂಪ್, ಅದರ ಕರೆಂಟು ಅಥವಾ ಮುಂದಿನ ದಾರಿ. ಬರೀ ಕೇಬಲ್ ಎಳೆದು ನೋಡುವ ಪರೀಕ್ಷೆ ದಾರಿ ತಪ್ಪಿಸುತ್ತದೆ. 10 ಮೆಗಾಓಮ್‌ನ ಇನ್‌ಪುಟ್‌ಗೆ ಒಂದು ತುದಿ ತೂಗಾಡುವ ಕೇಬಲ್ ಇದ್ದರೆ ಅದು ಆಂಟೆನಾದಂತೆ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಹಿಡಿಯುತ್ತದೆ. ಪ್ರೀಆಂಪ್ ಸರಿಯಿದ್ದರೂ ಗುಂಯ್‌ಗುಡುವುದನ್ನು ಕೇಳಿ "ಹೋಯ್ತು" ಎಂದು ತೀರ್ಮಾನಿಸಿಬಿಡುತ್ತಾರೆ.

ದನಿ ತೆಳ್ಳಗೆ, ಮಂದ್ರವೇ ಇಲ್ಲ

ದೂರುಗಳಲ್ಲೆಲ್ಲ ಇದೇ ಹೆಚ್ಚು, ಇದರಲ್ಲೇ ತಪ್ಪು ತಿಳಿವಳಿಕೆಯೂ ಹೆಚ್ಚು. ಡಬಲ್ ಬೇಸ್‌ನ ಪಿಕಪ್‌ಗಳಲ್ಲಿ ಬಹುಪಾಲು ಪೀಜೊ, ಅಂದರೆ ಒತ್ತಡ ಬಿದ್ದಾಗ ವಿದ್ಯುತ್ ಹುಟ್ಟಿಸುವ ಚಿಪ್ಪು. ಕುದುರೆಯ ರೆಕ್ಕೆಯ ಸೀಳಿನಲ್ಲಿ ಕೂರುವ ಅಂಡರ್‌ವುಡ್ ಮಾದರಿ, ಎತ್ತರ ಹೊಂದಿಸುವ ಚಕ್ರದೊಳಗೇ ಇರುವ ಫಿಶ್‌ಮನ್ ಫುಲ್ ಸರ್ಕಲ್, ಕುದುರೆಯ ಕಾಲಡಿ ಸೇರಿಸುವ ರಿಯಲಿಸ್ಟ್, ಎಲ್ಲವೂ ಇದೇ ಜಾತಿ. ಪೀಜೊ ಎಂದರೆ ವಿದ್ಯುತ್ತಿನ ದೃಷ್ಟಿಯಲ್ಲಿ ಒಂದು ಸಣ್ಣ ಕೆಪ್ಯಾಸಿಟರ್. ಅದನ್ನು ಯಾವ ಇನ್‌ಪುಟ್‌ಗೆ ಜೋಡಿಸಿದರೂ ಆ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಜೊತೆ ಸೇರಿ ಮಂದ್ರ ಕತ್ತರಿಸುವ ಫಿಲ್ಟರ್ ಆಗುತ್ತದೆ. ಎಲ್ಲಿಂದ ಕತ್ತರಿಸುತ್ತದೆ ಎಂಬುದಕ್ಕೆ ಸುಲಭದ ಲೆಕ್ಕ ಇದೆ: 159 ಅನ್ನು ಮೆಗಾಓಮ್ ಮತ್ತು ನ್ಯಾನೊಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿ. ಬಂದದ್ದು ಹರ್ಟ್ಜ್‌ನಲ್ಲಿ.

1 ನ್ಯಾನೊಫ್ಯಾರಡ್ ಪಿಕಪ್ ಇದೆ ಎಂದಿಟ್ಟುಕೊಳ್ಳಿ. ಆಂಪ್‌ನ ಸಾಮಾನ್ಯ ಇನ್‌ಪುಟ್ 1 ಮೆಗಾಓಮ್. ಕತ್ತರಿಸುವುದು ಶುರುವಾಗುವ ಜಾಗ, ಅಂದರೆ ಕಟ್-ಆಫ್, 159 ಹರ್ಟ್ಜ್. ಡಬಲ್ ಬೇಸ್‌ನ ಖಾಲಿ ಇ ತಂತಿ 41.2 ಹರ್ಟ್ಜ್, ಅಲ್ಲಿ ಸುಮಾರು 12 ಡೆಸಿಬೆಲ್ ನಷ್ಟ. ಖಾಲಿ ಜಿ ತಂತಿ 98 ಹರ್ಟ್ಜ್, ಅಲ್ಲಿ ಸುಮಾರು 5.6. ಅಂದರೆ ನಷ್ಟ ಎಲ್ಲ ತಂತಿಗೂ ಒಂದೇ ಸಮ ಇಲ್ಲ, ಕೆಳಗಿಳಿದಷ್ಟೂ ಹೆಚ್ಚು. ಅದಕ್ಕೇ ಮೇಲಿನ ತಂತಿಗಳಲ್ಲಿ "ಪರವಾಗಿಲ್ಲ" ಅನ್ನಿಸಿದ ದನಿ ಇ ತಂತಿಗೆ ಬಂದಾಗ ನೆಲ ಕುಸಿದಂತೆ ಮಾಯವಾಗುವುದು. ಅದೇ ಪಿಕಪ್ಪನ್ನು 140 ಕಿಲೋಓಮ್‌ನ ಪ್ಯಾಸಿವ್ (ಕರೆಂಟು ಬೇಡದ) ಡಿಐ ಪೆಟ್ಟಿಗೆಗೆ ಹಾಕಿದರೆ ಕಟ್-ಆಫ್ 1100 ಹರ್ಟ್ಜ್ ದಾಟುತ್ತದೆ, ಇ ತಂತಿಯ ಮೂಲಸ್ವರ 29 ಡೆಸಿಬೆಲ್ ಕೆಳಗೆ. ಉಳಿಯುವುದು ಬೆರಳಿನ ಟಕ್ ಟಕ್ ಮಾತ್ರ. 10 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪಿನಲ್ಲಿ (ಎಲ್‌ಆರ್ ಬ್ಯಾಗ್ಸ್ ಪ್ಯಾರಾ ಡಿಐ ಅಂಥದ್ದು) ಕಟ್-ಆಫ್ 16 ಹರ್ಟ್ಜ್‌ಗೆ ಇಳಿಯುತ್ತದೆ. ಇ ತಂತಿಯ ನಷ್ಟ ಕಿವಿಗೆ ತಿಳಿಯದಷ್ಟು.

ಸೌಂಡ್‌ನವರು ವೇದಿಕೆಯ ಪೆಟ್ಟಿಗೆಯಿಂದ ತೆಗೆದುಕೊಡುವ ಡಿಐ ಸಾಮಾನ್ಯವಾಗಿ ಪ್ಯಾಸಿವ್. ಕೀಬೋರ್ಡ್‌ಗೆ ಅದು ಹೇಳಿ ಮಾಡಿಸಿದ್ದು. ಪೀಜೊಗೆ ಅದನ್ನು ನೇರ ಹಾಕಬೇಡಿ, ಪ್ರೀಆಂಪಿನ ನಂತರ ಹಾಕಿದರೆ ಏನೂ ತೊಂದರೆಯಿಲ್ಲ. "ದಾದಾ, ಆಧೀ ಪ್ರೀಆಂಪ್, ಮಗ್ ಡಿಐ" (ಮೊದಲು ಪ್ರೀಆಂಪ್, ಆಮೇಲೆ ಡಿಐ) ಎಂದರೆ ಪುಣೆಯ ಸೌಂಡ್‌ನವರಿಗೆ ಅರ್ಥವಾಗುತ್ತದೆ. ಎರಡು ಪೆಡಲ್ ಇದ್ದರೂ ಅದೇ ನಿಯಮ: ಪಿಕಪ್‌ಗೆ ಎದುರಾಗುವ ಮೊದಲ ಪೆಟ್ಟಿಗೆಯ ಇಂಪೀಡೆನ್ಸ್ ಒಂದೇ ಲೆಕ್ಕಕ್ಕೆ. ಪ್ರೀಆಂಪಿನ ಮುಂದೆ ಟ್ಯೂನರ್ ಇಟ್ಟಿದ್ದರೆ ಮೊದಲು ಅದನ್ನು ತೆಗೆದು ನೋಡಿ.

ಉದ್ದ ಕೇಬಲ್ ಮಂದ್ರವನ್ನು ತಿನ್ನುತ್ತದೆ ಎಂಬ ಮಾತು ಓಡಾಡುತ್ತಿದೆ. ಪೀಜೊ ವಿಷಯದಲ್ಲಿ ಅದು ಸರಿಯಲ್ಲ. ಕೇಬಲ್‌ನ ಧಾರಕತೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. 5 ಮೀಟರ್ ಕೇಬಲ್ 1 ನ್ಯಾನೊಫ್ಯಾರಡ್ ಪಿಕಪ್‌ಗೆ ಸೇರಿದರೆ ಇಡೀ ಸಿಗ್ನಲ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಬಣ್ಣ ಬದಲಾಗುವುದಿಲ್ಲ. ಆದರೂ ಕೇಬಲ್ ಗಿಡ್ಡವಿರಲಿ, ಬೇರೆ ಕಾರಣಕ್ಕೆ: ಇಷ್ಟು ಹೆಚ್ಚಿನ ಇಂಪೀಡೆನ್ಸ್‌ನಲ್ಲಿ ಕೇಬಲ್ ನೆಲಕ್ಕೆ ಉಜ್ಜಿದರೂ, ಕಾಲಿಗೆ ಸಿಕ್ಕಿದರೂ ಒಳಗಿನ ಪದರಗಳ ತಿಕ್ಕಾಟ ಗರಗರ ಸದ್ದಾಗಿ ಸ್ಪೀಕರ್‌ಗೆ ಬರುತ್ತದೆ. 2 ಮೀಟರಿನೊಳಗೆ ಮುಗಿಸಿ, ಪ್ರೀಆಂಪನ್ನು ಬೆಲ್ಟಿಗೋ ಸ್ಟ್ಯಾಂಡಿಗೋ ಸಿಕ್ಕಿಸಿ. ಉದ್ದದ ಓಟವೆಲ್ಲ ಪ್ರೀಆಂಪಿನ ನಂತರ ಇರಲಿ.

ಮಳೆಗಾಲದಲ್ಲಿ ಮಾತ್ರ ಕಾಡುವ ದೋಷ

ಮಾರ್ಚ್‌ನಲ್ಲಿ ಸೊಗಸಾಗಿದ್ದ ಸೆಟಪ್ ಜುಲೈಯಲ್ಲಿ ತೆಳ್ಳಗಾಗಿದ್ದರೆ, ಯಾವ ಗುಂಡಿಯನ್ನೂ ಮುಟ್ಟಿಲ್ಲವಾದರೆ, ತೇವದ ಸೋರಿಕೆಯನ್ನು ಶಂಕಿಸಿ. ಕಡಲ ಗಾಳಿಯ ಉಪ್ಪು ಜ್ಯಾಕ್‌ನ ಒಳಮೈಯಲ್ಲಿ, ಬೆಸುಗೆಯ ಸುತ್ತ ಉಳಿದ ಫ್ಲಕ್ಸ್‌ನಲ್ಲಿ ಕೂತಿರುತ್ತದೆ. ಗಾಳಿ ಒದ್ದೆಯಾದಾಗ ಆ ಪದರ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಸೋರಿಕೆ 1 ಮೆಗಾಓಮ್‌ನಷ್ಟಾದರೆ ನಿಮ್ಮ 10 ಮೆಗಾಓಮ್ ಇನ್‌ಪುಟ್ ಲೆಕ್ಕಕ್ಕೆ 0.9 ಮೆಗಾಓಮ್ ಮಾತ್ರ. ಕಟ್-ಆಫ್ 16ರಿಂದ 175 ಹರ್ಟ್ಜ್‌ಗೆ ಏರಿಬಿಟ್ಟಿತು. ಪೀಜೊ ಇಲ್ಲದ ವಾದ್ಯಗಳವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ, ಅವರ ಇಂಪೀಡೆನ್ಸ್ ಅಷ್ಟು ಎತ್ತರದಲ್ಲಿ ಇರುವುದಿಲ್ಲ.

ಅಳೆದೇ ನೋಡಿ. ಪಿಕಪ್‌ನ ಜ್ಯಾಕ್‌ಗೆ ಒಂದು ಗಿಡ್ಡ ಕೇಬಲ್ ಹಾಕಿ, ಇನ್ನೊಂದು ತುದಿಯ ಮೊನೆಗೂ ಮೈಗೂ ಮಲ್ಟಿಮೀಟರ್ ಹಿಡಿಯಿರಿ. 20 ಮೆಗಾಓಮ್ ರೇಂಜಿನಲ್ಲಿ ಏನೂ ತೋರಿಸದೆ ಅಂಚು ಮೀರಿದ ಗುರುತು ಬರಬೇಕು. ಹಿಡಿಯುವಾಗ ಎರಡೂ ಮೊನೆಗಳಿಗೆ ಬೆರಳು ತಾಗಿಸಬೇಡಿ, ನಿಮ್ಮ ಮೈಯ ರೋಧವನ್ನೇ ಅಳೆದಂತಾಗುತ್ತದೆ. ಕೆಲವು ಮೆಗಾಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಸೋರಿಕೆ ಖಾತ್ರಿ. ಸೊನ್ನೆ ಬಳಿ ತೋರಿಸಿದರೆ ಶಾರ್ಟ್, ಹೆಚ್ಚಾಗಿ ಜ್ಯಾಕ್‌ನ ಹಿಂದೆ ಬಿಚ್ಚಿಕೊಂಡ ಒಂದೆಳೆ ಶೀಲ್ಡ್. ಮೀಟರಿನಲ್ಲಿ ಕೆಪ್ಯಾಸಿಟೆನ್ಸ್ ರೇಂಜ್ ಇದ್ದರೆ ಅದನ್ನೂ ಓದಿ, ಕೇಬಲ್‌ನ ಮೀಟರಿಗೆ 100 ಪಿಕೊಫ್ಯಾರಡ್ ಕಳೆದು ಬರೆದಿಟ್ಟುಕೊಳ್ಳಿ. ಚೆನ್ನಾಗಿದ್ದಾಗಿನ ಅಂಕಿ ಕೈಯಲ್ಲಿದ್ದರೆ, ಕೆಟ್ಟಾಗ ಹೋಲಿಸಲು ಅದೇ ಆಧಾರ. ಎರಡು ಪೀಜೊ ಇರುವ ಪಿಕಪ್‌ನಲ್ಲಿ ಅಂಕಿ ಅರ್ಧಕ್ಕೆ ಇಳಿದಿದ್ದರೆ ಒಂದರ ತಂತಿ ಕಡಿದಿದೆ.

ಸೋರಿಕೆಗೆ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜ್ಯಾಕ್‌ನ ಟ್ಯಾಗ್‌ಗಳ ನಡುವಿನ ಕಂದು ಬಣ್ಣದ ಹಲಗೆಯನ್ನು ತಿಕ್ಕಿ, ಅರ್ಧ ಗಂಟೆ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡ. ಅದು ಬಿಟ್ಟುಹೋಗುವ ಜಿಡ್ಡಿಗೆ ಧೂಳು, ಉಪ್ಪು ಇನ್ನಷ್ಟು ಅಂಟುತ್ತವೆ. ಪ್ರೀಆಂಪನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಎಸಿ ಕಾರಿನಿಂದ ಇಳಿಸಿದ ತಣ್ಣನೆಯ ಪೆಟ್ಟಿಗೆಯನ್ನು ಪಣಜಿಯ ಸೆಕೆಗೆ ತೆರೆದ ಕೂಡಲೇ ಅದರ ಮೇಲೆ ಹನಿಗಟ್ಟುತ್ತದೆ. 20 ನಿಮಿಷ ಮುಚ್ಚಿದಂತೆಯೇ ಬಿಟ್ಟು ಆಮೇಲೆ ತೆರೆಯಿರಿ.

ಒಂದು ತಂತಿ ಜೋರು, ಒಂದು ಕ್ಷೀಣ

ಇದು ಪ್ರೀಆಂಪಿನ ತಪ್ಪಲ್ಲ, ಪಿಕಪ್ ಕೂತ ರೀತಿ. ಮುಂಬೈಯ ಒದ್ದೆ ಗಾಳಿಯಿಂದ ಖಂಡಾಳ ಘಟ್ಟ ಹತ್ತಿ ಡಿಸೆಂಬರಿನ ಪುಣೆಗೆ ಹೋದರೆ ಮರ ಒಣಗಿ ಕುಗ್ಗುತ್ತದೆ, ಮುಂಬದಿಯ ಹಲಗೆ ಇಳಿಯುತ್ತದೆ, ಕುದುರೆ ವಾಲುತ್ತದೆ. ಪಿಕಪ್ ಮೇಲಿನ ಒತ್ತಡ ಬದಲಾಯಿತು ಎಂದರೆ ದನಿಯೂ ಬದಲಾಯಿತು.

ಮೊದಲು ಕುದುರೆಯನ್ನು ಪಕ್ಕದಿಂದ ನೋಡಿ. ಎರಡೂ ಕಾಲು ಹಲಗೆಗೆ ಪೂರ್ತಿ ತಾಗಿರಬೇಕು, ವಿಸಿಟಿಂಗ್ ಕಾರ್ಡಿನ ಅಂಚು ಎಲ್ಲೂ ಒಳನುಗ್ಗಬಾರದು. ಆಮೇಲೆ ತಂತಿಗಳನ್ನು ಅಂಗೈಯಿಂದ ಒತ್ತಿ ಸುಮ್ಮನಾಗಿಸಿ, ಕುದುರೆಯ ಒಂದೊಂದೇ ಭಾಗವನ್ನು ಉಗುರಿನಿಂದ ತಟ್ಟಿ: ಇ ಬದಿಯ ರೆಕ್ಕೆ, ಜಿ ಬದಿಯ ರೆಕ್ಕೆ, ಎರಡು ಕಾಲು. ರೆಕ್ಕೆಯ ಪಿಕಪ್‌ನಲ್ಲಿ ಒಂದು ಬದಿ ಸತ್ತಂತೆ ಕೇಳಿಸಿದರೆ ಅಲ್ಲಿನ ಚಿಪ್ಪು ಸಡಿಲ. ಬೆರಳಲ್ಲಿ ಅಲ್ಲಾಡಿಸಿದರೆ ಸರಿಯಬಾರದು, ಎಳೆದರೆ ಸ್ವಲ್ಪ ಬಿಗಿತದಿಂದ ಈಚೆ ಬರಬೇಕು, ಅಷ್ಟು. ಸಡಿಲವಿದ್ದರೆ ವಿಸಿಟಿಂಗ್ ಕಾರ್ಡಿನ ತೆಳು ಪಟ್ಟಿ ಕತ್ತರಿಸಿ ಚಿಪ್ಪಿನ ಒಂದು ಮಗ್ಗುಲಿಗೆ ಸೇರಿಸಿ. ಮರದ ತೆಳು ವೆನೀರ್ ಸಿಕ್ಕರೆ ಇನ್ನೂ ಒಳ್ಳೆಯದು, ಕಾಗದ ಮಳೆಗಾಲದಲ್ಲಿ ಉಬ್ಬುತ್ತದೆ. ತುಂಬ ಬಿಗಿಯಾದರೆ ದನಿ ಕರ್ಕಶ, ಪೀಜೊ ಬಿರುಕು ಬಿಡುವ ಅಪಾಯವೂ ಇದೆ.

ಕಾಲಡಿಯ ಪಿಕಪ್ ಸರಿಪಡಿಸಲು ತಂತಿ ಸಡಿಲಿಸಬೇಕಾಗುತ್ತದೆ. ನಾಲ್ಕನ್ನೂ ಪೂರ್ತಿ ಬಿಚ್ಚಲೇಬೇಡಿ. ಒಳಗಿನ ಸೌಂಡ್‌ಪೋಸ್ಟ್ (ಮುಂದಿನ-ಹಿಂದಿನ ಹಲಗೆಗಳ ನಡುವಿನ ಮರದ ಕಡ್ಡಿ) ನಿಂತಿರುವುದು ಒತ್ತಡದ ಮೇಲೆಯೇ, ಅಂಟಿನಿಂದಲ್ಲ. ಅದು ಬಿದ್ದರೆ ಅವತ್ತಿನ ಕಾರ್ಯಕ್ರಮ ಮುಗಿದಂತೆ.

ಹಮ್

ನಮ್ಮ ಮೇನ್ಸ್ 50 ಹರ್ಟ್ಜ್. ಇ ತಂತಿಯ ಮೇಲಿನ ಜಿ ಸ್ವರ 49. ಎರಡರ ನಡುವೆ ಒಂದೇ ಹರ್ಟ್ಜ್. ಹಾಗಾಗಿ ಹಮ್ಮನ್ನು ಇಕ್ಯೂನಿಂದ ಕತ್ತರಿಸಲು ಹೋದರೆ ಜಿ ಸ್ವರವೂ ಕತ್ತರಿಸಿಹೋಗುತ್ತದೆ. ಆದ್ದರಿಂದ ಡಬಲ್ ಬೇಸ್‌ನವರು ಹಮ್ಮಿನ ಬೇರನ್ನೇ ಕೀಳಬೇಕು.

ಹಮ್ಮಿನ ಸ್ವರ ಕೇಳಿ. ಆ ಜಿ ಸ್ವರ ಮೀಟಿ ಹೋಲಿಸಿ. ಅದರ ಪಕ್ಕದಲ್ಲೇ ಕೂತ ದಪ್ಪ ಗುಂಯ್ ಇದ್ದರೆ 50 ಹರ್ಟ್ಜ್, ಮೊದಲ ಅನುಮಾನ ಗ್ರೌಂಡ್ ಲೂಪ್ ಮೇಲೆ: ಆಂಪ್ ಒಂದು ಪ್ಲಗ್‌ಪಾಯಿಂಟಿನಿಂದ, ಮಿಕ್ಸರ್ ಇನ್ನೊಂದರಿಂದ ಅರ್ಥ್ ಪಡೆದು, ನಿಮ್ಮ ಪ್ರೀಆಂಪ್ ಎರಡನ್ನೂ ಸೇರಿಸಿದೆ. ಅದಕ್ಕಿಂತ ಒಂದು ಸಪ್ತಕ ಮೇಲಿದ್ದು, ಗರಗಸದಂತೆ ಕೊರೆಯುತ್ತಿದ್ದರೆ 100 ಹರ್ಟ್ಜ್. ಅದು ಹೆಚ್ಚಾಗಿ ಅಡಾಪ್ಟರಿನದು. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳಲ್ಲಿ 9 ವೋಲ್ಟ್ ಎಂದು ಬರೆದಿದ್ದರೂ ಲೋಡ್ ಕಡಿಮೆ ಇದ್ದಾಗ 12–13 ವೋಲ್ಟ್ ಬರುವುದುಂಟು, ಸೋಸುವಿಕೆಯೂ ಸಾಲದು. ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿ. ನಿಂತರೆ ಉತ್ತರ ಸಿಕ್ಕಿತು.

ಲೂಪ್ ಆದರೆ ಡಿಐಯ ಗ್ರೌಂಡ್ ಲಿಫ್ಟ್ ಒತ್ತಿ. ಅದು ಎಕ್ಸ್‌ಎಲ್‌ಆರ್‌ನ (ಮೂರು ಪಿನ್ನಿನ ಮೈಕ್ ಕನೆಕ್ಟರಿನ) 1ನೇ ಪಿನ್ ಬಿಡಿಸುತ್ತದೆ, ಸಿಗ್ನಲ್ 2 ಮತ್ತು 3ರಲ್ಲಿ ಹೋಗುತ್ತಿರುತ್ತದೆ. ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಕಡೆಯಿಂದ ಕರೆಂಟು ತೆಗೆದುಕೊಂಡರೆ ಲೂಪ್ ಹುಟ್ಟುವ ಸಂಭವವೇ ಕಡಿಮೆ.

ಪ್ಲಗ್‌ನ ದಪ್ಪ ಅರ್ಥ್ ಪಿನ್ ಕತ್ತರಿಸುವ, ಇಲ್ಲವೇ ಎರಡು ತಂತಿಯನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವ ಅಭ್ಯಾಸ ವೇದಿಕೆಗಳಲ್ಲಿ ಇನ್ನೂ ಇದೆ. ಹಮ್ ನಿಲ್ಲುತ್ತದೆ ನಿಜ, ಆದರೆ ಆಂಪ್‌ನೊಳಗೆ ದೋಷ ಬಂದ ದಿನ ಆ ಕರೆಂಟಿಗೆ ದಾರಿ ನಿಮ್ಮ ಮೈ. ಬೇಸ್ ನುಡಿಸುತ್ತ ಮೈಕಿಗೆ ತುಟಿ ತಾಗಿಸಿ ಹಾಡುವವರಿಗೆ ಇದು ಪ್ರಾಣದ ಪ್ರಶ್ನೆ. ಗೋವಾದ ಬಯಲು ಕಾರ್ಯಕ್ರಮಗಳಲ್ಲಿ ಜನರೇಟರ್ ಮೇಲೆ ನುಡಿಸುವ ಮೊದಲು ಸಾಕೆಟ್‌ನಲ್ಲಿ ಅಳೆಸಿ: ಲೈನ್‌–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ಲೈನ್‌–ಅರ್ಥ್ ಸಹ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಮೀರಬಾರದು. ಹತ್ತಾರು ವೋಲ್ಟ್ ಬಂದರೆ, ಅಥವಾ ಮೈಕ್ ಮುಟ್ಟಿದಾಗ ಜುಮ್ಮೆಂದರೆ, ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ವೇದಿಕೆ ಹತ್ತಬೇಡಿ.

ಕೈ ಪಿಕಪ್ ಬಳಿ ಬಂದಾಗ ಹಮ್ ಏರಿದರೆ ಪೀಜೊ ಮೇಲಿನ ಶೀಲ್ಡ್ ಬಿಟ್ಟಿದೆ. ಜ್ಯಾಕ್‌ನ ಲೋಹ ಮುಟ್ಟಿದಾಗ ಏರಿಳಿದರೆ ಕೇಬಲ್‌ನ ಶೀಲ್ಡ್ ಬೆಸುಗೆ ನೋಡಿ.

ಬ್ಯಾಟರಿ ಮತ್ತು ಫ್ಯಾಂಟಮ್

ಬಹಳಷ್ಟು ಪ್ರೀಆಂಪ್‌ಗಳಲ್ಲಿ ಇನ್‌ಪುಟ್ ಜ್ಯಾಕ್ಕೇ ಸ್ವಿಚ್. ಕೇಬಲ್ ಚುಚ್ಚಿಟ್ಟು ಮನೆಗೆ ಹೋದರೆ ರಾತ್ರಿಯಿಡೀ ಬ್ಯಾಟರಿ ಸುಡುತ್ತಿರುತ್ತದೆ. 9 ವೋಲ್ಟಿನ ಹೊಸ ಆಲ್ಕಲೈನ್ ಬ್ಯಾಟರಿ 9.5ರ ಹತ್ತಿರ ತೋರಿಸುತ್ತದೆ. 8ಕ್ಕಿಂತ ಕೆಳಗಿದ್ದರೆ ಕಾರ್ಯಕ್ರಮಕ್ಕೆ ಒಯ್ಯಬೇಡಿ. ಕ್ಷೀಣಿಸಿದ ಬ್ಯಾಟರಿಯ ಲಕ್ಷಣ ಸದ್ದು ಕಡಿಮೆಯಾಗುವುದಲ್ಲ, ಜೋರಾಗಿ ಮೀಟಿದ ಸ್ವರದ ತಲೆ ಒಡೆಯುವುದು.

ಫ್ಯಾಂಟಮ್‌ನಿಂದ, ಅಂದರೆ ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ಕರೆಂಟಿನಿಂದ, ನಡೆಯುವ ಪ್ರೀಆಂಪಿನಲ್ಲಿ ಒಂದು ಬಲೆ ಇದೆ. ಆ 48 ವೋಲ್ಟ್ 2 ಮತ್ತು 3ನೇ ಪಿನ್‌ನಿಂದ ಬಂದು 1ನೇ ಪಿನ್‌ನಿಂದ ಮರಳಬೇಕು. ಹಮ್ ನಿಲ್ಲಿಸಲು ಗ್ರೌಂಡ್ ಲಿಫ್ಟ್ ಒತ್ತಿದರೆ ಮರಳುವ ದಾರಿಯೇ ಕಡಿದು ಪೆಟ್ಟಿಗೆ ಮೌನವಾಗುತ್ತದೆ ಅಥವಾ ಚಟಪಟ ಎನ್ನುತ್ತದೆ. ಲಿಫ್ಟ್ ಬೇಕೇ ಬೇಕೆಂದರೆ ಬ್ಯಾಟರಿಗೆ ಬದಲಾಯಿಸಿ. ಫ್ಯಾಂಟಮ್ ಬರುತ್ತಿದೆಯೇ ಎಂದು ನೋಡಲು ಏನನ್ನೂ ಜೋಡಿಸದ ಎಕ್ಸ್‌ಎಲ್‌ಆರ್‌ನ 1–2 ಮತ್ತು 1–3 ನಡುವೆ ಅಳೆಯಿರಿ. ಎರಡೂ 44ರಿಂದ 52 ವೋಲ್ಟ್ ಒಳಗೆ, ಸಮವಾಗಿ ಇರಬೇಕು. ಪ್ರೀಆಂಪ್ ಜೋಡಿಸಿದ ಮೇಲೆ ಇಳಿಯುವುದು ಸಹಜ, ದಾರಿಯಲ್ಲಿ ತಲಾ 6.8 ಕಿಲೋಓಮ್ ರೆಸಿಸ್ಟರ್ ಇದೆ.

ಊಳಿಡುವ ಫೀಡ್‌ಬ್ಯಾಕ್

ಬಹುತೇಕ ಡಬಲ್ ಬೇಸ್‌ಗಳಲ್ಲಿ ಒಡಲಿನ ಗಾಳಿ 60 ಹರ್ಟ್ಜ್ ಆಸುಪಾಸಿನಲ್ಲೂ ಮುಂಬದಿಯ ಹಲಗೆ 100ರ ಆಸುಪಾಸಿನಲ್ಲೂ ಅನುರಣಿಸುತ್ತವೆ. ಸ್ಪೀಕರಿನ ಸದ್ದು ಹಲಗೆಯನ್ನು ಅಲುಗಿಸಿ, ಹಲಗೆ ಕುದುರೆಯನ್ನು, ಕುದುರೆ ಪಿಕಪ್ಪನ್ನು ಅಲುಗಿಸುತ್ತದೆ. ಚಕ್ರ ಮುಚ್ಚಿತು.

ಮೊದಲ ಮದ್ದು ಹೈಪಾಸ್ ಫಿಲ್ಟರ್, ಒಂದು ಮಟ್ಟದ ಕೆಳಗಿನ ಮಂದ್ರವನ್ನು ಕತ್ತರಿಸುವಂಥದ್ದು. 10 ಮೆಗಾಓಮ್ ಕೊಟ್ಟು ಮಂದ್ರ ತಂದು, ಮತ್ತೆ ಕತ್ತರಿಸುವುದೇಕೆ ಎಂದು ಕೇಳಬಹುದು. ಇಂಪೀಡೆನ್ಸ್‌ನ ನಷ್ಟ ಬೇಕಾದ ಸ್ವರಗಳನ್ನೂ ತಿನ್ನುತ್ತದೆ. ಹೈಪಾಸ್ ನಿಮ್ಮ ಕೈಯಲ್ಲಿದೆ, ಇಳಿಜಾರೂ ಕಡಿದು. ಅಂಗೈ ಬಡಿತ, ವೇದಿಕೆಯ ಅದುರು, ಹೆಜ್ಜೆ ಸಪ್ಪಳ, ಇವೆಲ್ಲ 30 ಹರ್ಟ್ಜ್‌ನ ಕೆಳಗೆ ಆಂಪ್‌ನ ಶಕ್ತಿ ಹೀರಿ ಕೋನನ್ನು ಸುಮ್ಮನೆ ಹೊಡೆದಾಡಿಸುತ್ತವೆ. 40 ಹರ್ಟ್ಜ್‌ನಿಂದ ಶುರುಮಾಡಿ, ನುಡಿಸುತ್ತ ಮೇಲೇರಿಸಿ. ದನಿ ಬಡವಾಯಿತು ಅನ್ನಿಸಿದಲ್ಲಿಂದ ಒಂದಿಷ್ಟು ಹಿಂದಕ್ಕೆ ಬನ್ನಿ. 10 ಇಂಚಿನ ಒಂದೇ ಸ್ಪೀಕರಿನ ಆಂಪ್‌ನಲ್ಲಿ 60ರವರೆಗೂ ಹೋಗಬಹುದು. ಇ ತಂತಿಯ ಸ್ವರವನ್ನು ಕಿವಿ ಗುರುತಿಸುವುದು ಹೆಚ್ಚಾಗಿ 82 ಹರ್ಟ್ಜ್‌ನ ಎರಡನೇ ಹಾರ್ಮೋನಿಕ್‌ನಿಂದ.

ಎರಡನೆಯದು ಸಿಗ್ನಲ್‌ನ ಅಲೆಯನ್ನು ತಲೆಕೆಳಗಾಗಿಸುವ ಪೋಲಾರಿಟಿ ಸ್ವಿಚ್, ಕೆಲವು ಪೆಟ್ಟಿಗೆಗಳಲ್ಲಿ ಫೇಸ್ ಎಂದು ಬರೆದಿರುತ್ತದೆ. ಇದಕ್ಕೆ ಶಾಶ್ವತವಾದ ಸರಿ ಸ್ಥಾನ ಇಲ್ಲ. 100 ಹರ್ಟ್ಜ್ ಅಲೆಯ ಉದ್ದ ಸುಮಾರು 3.4 ಮೀಟರ್, ಅದರ ಅರ್ಧ 1.7. ಅಂದರೆ ಆಂಪ್‌ನಿಂದ ಎರಡು ದೊಡ್ಡ ಹೆಜ್ಜೆ ದೂರ ಸರಿದರೆ ಸ್ವಿಚ್ ಒತ್ತಿದ ಪರಿಣಾಮವೇ ಆಗುತ್ತದೆ. ನಿಲ್ಲುವ ಜಾಗ ಗಟ್ಟಿ ಮಾಡಿಕೊಂಡು, ನೆಲಕ್ಕೆ ಟೇಪ್ ಅಂಟಿಸಿ, ಆಮೇಲೆ ಸ್ವಿಚ್ ಪರೀಕ್ಷಿಸಿ.

ಇಷ್ಟಾಗಿಯೂ ಒಂದೇ ಸ್ವರದಲ್ಲಿ ಊಳಿಟ್ಟರೆ ಆ ಸ್ವರವನ್ನಷ್ಟೇ ತಗ್ಗಿಸುವ ನಾಚ್ ಬಳಸಿ. ಸ್ವರ ಯಾವುದೆಂದು ತಂತಿಯ ಮೇಲೆ ಹುಡುಕಿ: ಎ ತಂತಿಯ ಬಿ ಮತ್ತು ಸಿ (62–65 ಹರ್ಟ್ಜ್) ಹತ್ತಿರ ಇದ್ದರೆ ಗಾಳಿ, ಖಾಲಿ ಜಿ ಹತ್ತಿರ ಇದ್ದರೆ ಹಲಗೆ. ಟೊಳ್ಳು ಮರದ ವೇದಿಕೆಯಾದರೆ ಕಾಲುಗೂಟದ ಕೆಳಗೆ ದಪ್ಪ ರಬ್ಬರ್, ಆಂಪ್ ಕೆಳಗೆ ಫೋಮ್. ಗಾಳಿಯ ಅನುರಣನಕ್ಕೆ ಎಫ್-ರಂಧ್ರಗಳಲ್ಲಿ ಫೋಮ್ ತುಂಡು ತುರುಕಿದರೂ ಹಿಡಿತಕ್ಕೆ ಬರುತ್ತದೆ.

ದನಿ ಒಡೆಯುತ್ತಿದ್ದರೆ

ಪ್ರೀಆಂಪಿನ ಔಟ್‌ಪುಟ್ಟನ್ನು ಆಂಪ್‌ನ ವಾದ್ಯದ ಇನ್‌ಪುಟ್‌ಗೆ ಕೊಟ್ಟರೆ ಒಂದರ ಮೇಲೊಂದು ಎರಡು ಪ್ರೀಆಂಪ್ ಆದವು. ಹಿಂಬದಿಯ ಎಫೆಕ್ಟ್ಸ್ ರಿಟರ್ನ್‌ಗೆ ಕೊಡಿ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇಡುವಾಗ ಮೆಲ್ಲಗೆ ಮೀಟಬೇಡಿ, ಆ ಸಂಜೆಯ ಅತಿ ಜೋರಿನ ಸ್ಲ್ಯಾಪ್ ಹೊಡೆದು ಕ್ಲಿಪ್ ದೀಪ ಹತ್ತದಷ್ಟಕ್ಕೆ ಇಳಿಸಿ.

ಪ್ರೀಆಂಪ್ ನಿಜವಾಗಿಯೂ ಸತ್ತಿದ್ದರೆ, ಅಂಗಡಿ ಮುಚ್ಚಿದ್ದರೆ, ಸೌಂಡ್‌ನವರಿಂದ ಒಂದು ಶ್ಯೂರ್ ಎಸ್‌ಎಂ57 ಮೈಕ್ ಕೇಳಿ. ಅದರ ಕತ್ತಿಗೆ ಕೈಯಗಲದ ಫೋಮ್ ಸುತ್ತಿ, ತಂತಿ ಕಟ್ಟಿರುವ ಟೇಲ್‌ಪೀಸ್‌ಗೂ ಹಲಗೆಗೂ ನಡುವೆ ಸಿಕ್ಕಿಸಿ, ಬಾಯಿ ಕುದುರೆಯ ಕಡೆಗೆ ನೋಡುವಂತೆ. ಮಾನಿಟರಿಗೆ ಹೆಚ್ಚು ಕಳಿಸದೆ, 80 ಹರ್ಟ್ಜ್‌ನ ಲೋ-ಕಟ್ ಹಾಕಿ, ಹಾಲ್‌ಗೆ ಮಾತ್ರ ಬಿಡಿ. ಮರದ ದನಿಯೇ ಬರುತ್ತದೆ, ಡ್ರಮ್ಸ್‌ನವರು ಸ್ವಲ್ಪ ಮೆಲ್ಲಗೆ ನುಡಿಸಿದರೆ ಸಾಕು.